ಎರಡು ಹಾಲಿನ ನಡುವಿನ ಬೆಟ್ಟಗಳು

ಭಾನುವಾರ, ಫೆಬ್ರವರಿ ೮. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಹಾಲು ಡೈರಿಗೆ ಹೋಗಿಯಾಗಿದೆ. ದಿನಚರಿಯಲ್ಲಿ ಮೊದಲು ಹೊತ್ತು ಬರೆದು ಆಮೇಲೆ ಸುದ್ದಿ ಬರೆಯುವುದು, ಹೀಗೆ ಓದುಗರಿಗೆಂದು ಬರೆಯುವಾಗಲೂ ಬಿಡದ ನನ್ನ ಅಭ್ಯಾಸ. ಇದು ಶಾಲೆಯಲ್ಲಿ ಕಲಿತದ್ದಲ್ಲ. ದುದ್ದದ ನಮ್ಮ ಮನೆಯಲ್ಲಿ ಹೊತ್ತು ತಿಳಿಯದೆ ಯಾರೂ ಬದುಕುವ ಹಾಗಿರಲಿಲ್ಲ.

ಬೀದಿ ಬಾಗಿಲಿನಿಂದ ಒಳಗೆ ಬಂದರೆ ಎಡಗಡೆ ಪಡಸಾಲೆ, ಬಲಗಡೆ ಕೊಟ್ಟಿಗೆ. ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೆ. ನಾವು ಮುದ್ದೆ ಮುಂದಿಟ್ಟುಕೊಂಡು ಕೂತರೆ ಗೋಡೆಯ ಮೇಲಿಂದ ನಮ್ಮ ಹಸು ಗೌರಿ ಮುಖ ಚಾಚಿ, ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವಳು ನೋಡುವಾಗ ತಟ್ಟೆಯಲ್ಲಿ ಬಿಟ್ಟು ಏಳುವುದು ಕಷ್ಟ. ಪಡಸಾಲೆಯ ಗೋಡೆ ಗಡಿಯಾರವನ್ನು ಅಪ್ಪ ಹತ್ತು ನಿಮಿಷ ಮುಂದೆ ಇಟ್ಟಿದ್ದರು, ಡೈರಿಯ ಬಾಗಿಲು ಹಾಕುವುದರೊಳಗೆ ಹಾಲು ತಲುಪಲಿ ಎಂದು. ನನಗೂ ಸುಮಕ್ಕನಿಗೂ ಅದೇ ನಿಜವಾದ ಗಂಟೆ. ಶಾಲೆಯ ಗಡಿಯಾರವೇ ಹಿಂದೆ ಬಿದ್ದಿದೆ ಎಂದು ಬಹಳ ದಿನ ನಂಬಿದ್ದೆವು. ಬೆಳಿಗ್ಗೆ ಐದಕ್ಕೆ ಒಂದು ಹಾಲು, ಸಂಜೆ ಐದಕ್ಕೆ ಒಂದು ಹಾಲು. ನೆಂಟರ ಮದುವೆಗೆ ಹೋದರೂ ಅಮ್ಮ ಧಾರೆ ಮುಗಿಯುತ್ತಲೇ ಊಟಕ್ಕೆ ಕೂರದೆ ಬಸ್ಸು ಹತ್ತುತ್ತಿದ್ದರು. ಯಾಕೆಂದರೆ ಗೌರಿ ಅಮ್ಮನ ಕೈಗಲ್ಲದೆ ಯಾರ ಕೈಗೂ ಹಾಲು ಇಳಿಸುತ್ತಿರಲಿಲ್ಲ. ಅಪ್ಪ ಹತ್ತಿರ ಕೂತರೆ ಸುಮ್ಮನೆ ನಿಂತು, ಕೆಚ್ಚಲು ಬಿಗಿ ಹಿಡಿದು, ಬೇರೆ ಕಡೆ ನೋಡುತ್ತಿದ್ದಳು. ಒದೆಯುತ್ತಿರಲಿಲ್ಲ. ಒದ್ದಿದ್ದರೆ ಇಷ್ಟು ಅವಮಾನ ಆಗುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅವಳು ಬತ್ತುವ ಹೊತ್ತಿಗೆ ಅವಳ ಮಗಳು ಕೆಂಪಿ ಹಾಲು ಕೊಡುತ್ತಿದ್ದಳು, ಕೆಂಪಿಯೂ ತಾಯಿಯಂತೆಯೇ.

ಇಂಥ ಮನೆಯವರು ಬೆಟ್ಟ, ಗುಡಿ, ಕೋಟೆ ಎಂದು ತಿರುಗುತ್ತಿದ್ದೆವು ಎಂದರೆ ಹೊಸಬರು ನಂಬುವುದಿಲ್ಲ. ಇದನ್ನು ಶುರು ಮಾಡಿದ್ದು ಅಪ್ಪನ ತಾಯಿ, ನಮ್ಮ ಅಜ್ಜಿ.

"ವಾರೆಲ್ಲ ದನದ್ ಮುಖ ನೋಡ್ತೀರಿ. ಒಂದಿನಾರ ಬ್ಯಾರೆ ಏನಾರ ನೋಡ್ರಿ. ಹಾಲಿಗೂ ಹಾಲಿಗೂ ಮದ್ಯೆ ಹನ್ನೆಲ್ಡ್ ಗಂಟೆ ಅದೆ, ಅದೇನ್ ಸಣ್ಣದಾ?"

ಹಾಗಾಗಿ ಭಾನುವಾರ ಬೆಳಗಿನ ಹಾಲು ಹಾಕಿ ಹೊರಟರೆ, ಸಂಜೆಯ ಹಾಲಿಗೆ ಹಿಂದೆ. ಆ ಅಳತೆಯೊಳಗೆ ಏನೇನು ಬರುತ್ತದೋ ಅದೇ ನಮ್ಮ ಲೋಕ. ಕೋರವಂಗಲದ ಗುಡಿಗೆ ಹೊಲದ ಬದುವಿನ ಮೇಲೆ ನಡೆದೇ ಹೋಗುತ್ತಿದ್ದೆವು. ದೊಡ್ಡಗದ್ದವಳ್ಳಿಗೆ, ಮೊಸಳೆ ಎಂಬ ಊರಿನ ಗುಡಿಗೆ ಹಾಸನದಲ್ಲಿ ಬಸ್ಸು ಬದಲಾಯಿಸಿ. ಹೆಸರಿಲ್ಲದ ಗುಡ್ಡಗಳಿಗೂ, ಯಾರದೋ ತೆಂಗಿನ ತೋಟದ ಮೂಲೆಯಲ್ಲಿ ಒರಗಿ ನಿಂತ ವೀರಗಲ್ಲುಗಳಿಗೂ ಹೋಗುತ್ತಿದ್ದೆವು. ಊರಲ್ಲಿ ನಮಗೆ 'ಕಲ್ ನೋಡೋರ ಮನೆ' ಎಂಬ ಹೆಸರೇ ಬಿತ್ತು. ತಮಾಷೆಗೆ ಇಟ್ಟ ಹೆಸರು. ಅಜ್ಜಿ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದರು, ನಾವೂ ಅದನ್ನೇ ಕಲಿತೆವು.

ಅಜ್ಜಿಗೆ ಆಗಲೇ ಹತ್ತಲು ಆಗುತ್ತಿರಲಿಲ್ಲ. ಬುಡದಲ್ಲಿ ನೆರಳು ನೋಡಿ, ಬುತ್ತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಚೀಲದಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಡಬ್ಬಿ ಮೊಸರನ್ನ. ಇಳಿದು ಬಂದವರಿಗೆ ಅದು ಸುಮ್ಮನೆ ಸಿಗುತ್ತಿರಲಿಲ್ಲ. ಒಬ್ಬೊಬ್ಬರೂ ಮೇಲೆ ಕಂಡ ಒಂದೊಂದು ಸಂಗತಿ ಹೇಳಬೇಕು. ಇನ್ನೊಬ್ಬರು ಹೇಳಿದ್ದನ್ನು ಹೇಳುವ ಹಾಗಿಲ್ಲ.

"ಅಜ್ಜಿ, ಗೋಡೇಲಿ ಆನೆ ಸಾಲಾಗಿ ನಿಂತಿದ್ವು."

"ಅದು ನಿಮ್ಮಕ್ಕ ಯೋಳಾಯ್ತು. ಎಂಜ್ಲು ಬ್ಯಾಡ ಕಣವ್ವ, ಒಸದ್ ಯೋಳು."

"ಒಂದ್ ಸಿಂಹದ ಬಾಯೊಳ್ಗೆ ಕಣಜ ಗೂಡ್ ಕಟ್ಟಿತ್ತು."

"ಊಂ. ಇದು ಒಸದು. ತಗೊ."

ಸುಮಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಾಯಿ ಚುರುಕು, ಅಜ್ಜಿಯ ಹತ್ತಿರ ಓಡಿ ಹೋಗಿ ಮೊದಲು ಹೇಳಿಬಿಡುತ್ತಿದ್ದಳು. ನಾನು ಅವಳು ಬಿಟ್ಟದ್ದನ್ನು ಹುಡುಕಬೇಕಾಗಿತ್ತು. ದೊಡ್ಡ ವಿಗ್ರಹ ಬಿಟ್ಟು ಅದರ ಕಾಲಬುಡ, ಗೋಪುರ ಬಿಟ್ಟು ಅದರ ಸಂದಿಯಲ್ಲಿ ಬೆಳೆದ ಅರಳಿ ಗಿಡ, ಬಾಗಿಲು ಬಿಟ್ಟು ಹೊಸ್ತಿಲಿನಲ್ಲಿ ಯಾರೋ ಕೊರೆದ ಚೌಕಾಬಾರದ ಮನೆ. ಮರೆಯದಿರಲಿ ಎಂದು ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬೆವರಿಗೆ ಅಳಿಸಿ ಹೋಗುತ್ತದೆ ಎಂದು ಆಮೇಲೆ ಹಾಳೆಗೆ ಬಂದೆ. ನಾನು ಬರೆಯುವವಳಾದದ್ದು ಒಂದು ರೊಟ್ಟಿಗೋಸ್ಕರ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಈ ನಿಯಮದಿಂದ ಬಿಡುಗಡೆ ಇದ್ದದ್ದು ಅಮ್ಮನಿಗೆ ಮಾತ್ರ. ಅಮ್ಮ ನಮ್ಮ ಜೊತೆ ಹತ್ತುತ್ತಿದ್ದರು, ಆದರೆ ನೋಡುತ್ತಿದ್ದದ್ದು ಸೂರ್ಯನನ್ನು. ಎಲ್ಲಿ ನಿಂತರೂ ನೆರಳು ಯಾವ ಕಡೆ ಬಿದ್ದಿದೆ ಎಂದು ಒಂದು ಸಲ, ಎಷ್ಟು ಗಂಟೆ ಎಂದು ಇನ್ನೊಂದು ಸಲ. ಏನು ಕಂಡೆ ಎಂದರೆ ನಕ್ಕು ತಲೆ ಆಡಿಸುತ್ತಿದ್ದರು. "ಅವ್ಳ್ನ ಬುಡ್ರಿ, ಅವ್ಳ್ ಗ್ಯಾನೆಲ್ಲ ಹಸಿನ್ ತಾವ್ಲೆ ಇರ್ತದೆ" ಎಂದು ಅಜ್ಜಿ ಅವರ ಪಾಲಿನ ರೊಟ್ಟಿ ಎತ್ತಿ ಕೊಡುತ್ತಿದ್ದರು. ಯಾರು ಏನು ಕಂಡರು ಎಂದು ನಾನು ಬರೆದಿಡುತ್ತಿದ್ದ ಪಟ್ಟಿಯಲ್ಲಿ ಅಮ್ಮನ ಹೆಸರಿನ ಮುಂದಿನ ಜಾಗ ಪ್ರತಿ ಭಾನುವಾರವೂ ಖಾಲಿ.

ಅಮ್ಮನಿಗೆ ನೋಡಬೇಕೆಂದು ಇದ್ದದ್ದು ಒಂದೇ ಒಂದು ಬೆಟ್ಟ, ಮತ್ತು ಅದು ನಮ್ಮ ಅಳತೆಯ ಹೊರಗಿತ್ತು. ಹೊಳೆನರಸೀಪುರ ದಾಟಿ ಹಳ್ಳಿಮೈಸೂರಿನ ಕಡೆ, ಅಮ್ಮನ ತವರೂರಿನ ಎದುರಿಗೆ, ಬೋರೆಕಲ್ಲು ಬೆಟ್ಟ. ಮೇಲೆ ಪಾಳೇಗಾರರ ಕಾಲದ್ದೆಂದು ಹೇಳುವ ಒಂದು ಮುರುಕು ಕೋಟೆ ಇದೆ. ಅಮ್ಮ ಹುಟ್ಟಿದಂದಿನಿಂದ ಮದುವೆಯ ದಿನದವರೆಗೆ ಅದನ್ನು ನೋಡಿದ್ದರು. ಬಾವಿಯ ಪಕ್ಕದ ಹುಣಸೆಮರದ ಕೆಳಗೆ ಕೊಡ ಇಳಿಸಿ ನಿಂತು ನೋಡುತ್ತಿದ್ದರಂತೆ. ಊರ ಗಂಡುಹುಡುಗರೆಲ್ಲ ಹತ್ತಿದ್ದರು. ಅಮ್ಮ ಕೇಳಿದಾಗ ಅವರ ಅಪ್ಪ, "ಹೆಣ್ಣೈಕ್ಳು ಬೆಟ್ಟ ಅತ್ತಾರೇನವ್ವ?" ಎಂದು ಒಂದೇ ಮಾತಲ್ಲಿ ಮುಗಿಸಿದ್ದರು. ಮದುವೆಯಾದ ಮೇಲೆ ತವರಿಗೆ ಹೋದದ್ದೆಲ್ಲ ಮದುವೆಗೆ, ತಿಥಿಗೆ. ತಿಥಿಗೆ ಬಂದ ಮಗಳು ಬೆಟ್ಟ ಹತ್ತುತ್ತೇನೆ ಎನ್ನಲು ಆಗುತ್ತದೆಯೇ? ಆಮೇಲೆ ನಮ್ಮ ಸೋದರಮಾವ ಹೊಲ ಗುತ್ತಿಗೆಗೆ ಕೊಟ್ಟು ಹೊಳೆನರಸೀಪುರ ಪೇಟೆಗೆ ಬಂದು ನೆಲೆಸಿದರು.

ದುದ್ದದಿಂದ ಎರಡು ಹಾಲಿನ ನಡುವೆ ಅಲ್ಲಿಗೆ ಹೋಗಿ ಬರಬಹುದು. ಹತ್ತಿ ಇಳಿಯಲು ಮಾತ್ರ ಹೊತ್ತು ಸಾಲದು. ನನಗೆ ಹತ್ತು ತುಂಬಿದ ವರ್ಷ, ಸಂಕ್ರಾಂತಿಗೆ ಮುಂಚೆ, ಊಟದ ಹೊತ್ತಿನಲ್ಲಿ ಈ ಮಾತು ಎದ್ದಿತು. ಅಪ್ಪ ಮುದ್ದೆ ಮುರಿಯುತ್ತ ಹೇಳಿದರು:

"ಬೆಟ್ಟ ಎಲ್ಗೂ ಓಗಲ್ಲ ಕಣೆ ಜಯಾ. ಮುಂದ್ಲೊರ್ಸ ನೋಡಾನ."

"ಬೆಟ್ಟ ಓಗಲ್ಲ. ನನ್ ಮಂಡಿ ಓಯ್ತಾ ಅದೆ."

ಅಮ್ಮ ಇದನ್ನು ಜೋರಾಗಿ ಹೇಳಲಿಲ್ಲ. ಅಪ್ಪ ಕೈ ನಿಲ್ಲಿಸಿದರು. ಗೋಡೆಯ ಮೇಲಿಂದ ಗೌರಿ ನೋಡುತ್ತಿದ್ದಳು. ಅಮ್ಮ ಕೆಲವು ದಿನಗಳಿಂದ ಹಾಲು ಕರೆದು ಏಳುವಾಗ ಗೋಡೆ ಹಿಡಿದು ಏಳುತ್ತಿದ್ದರು. ನಾವೆಲ್ಲ ಅದನ್ನು ಕಂಡಿದ್ದೆವು, ಯಾರೂ ಆಡಿರಲಿಲ್ಲ. ಆ ರಾತ್ರಿಯಿಂದ ಎರಡು ದಿನ ಅಪ್ಪ ಅಮ್ಮನ ನಡುವೆ ಮಾತಿಲ್ಲ. ಮೂರನೆಯ ದಿನ ಅಜ್ಜಿ ಎಲೆ ಅಡಿಕೆ ಮಡಚುತ್ತ, ಯಾರಿಗೂ ಹೇಳುತ್ತಿಲ್ಲ ಎಂಬಂತೆ ಹೇಳಿದರು:

"ನಾನು ನಿನ್ ಹೆತ್ತು ಬಾಣಂತಿಯಾಗಿ ಒಳಗ್ ಮಲ್ಗಿದ್ದಾಗ ನಿಮ್ಮಪ್ಪ ಹೆಂಗ್ಲಾ ಹಾಲ್ ಕರದ? ನನ್ ಸೀರೆ ಉಟ್ಕೊಂಡೇ ಕರದ."

ಅಪ್ಪ ಬೆಚ್ಚಿ ನೋಡಿದರು. "ಸುಮ್ಕಿರವ್ವ, ಐಕ್ಳವೆ."

"ಐಕ್ಳೂ ಕೇಳ್ಳಿ. ಹಸೀಗ್ ಗೊತ್ತಾಗೋದು ಮಕ ಅಲ್ಲ ಕಣ್ಲಾ, ಸೀರೆ ವಾಸ್ನೆ."

"ಮೀಸೆಗೇನ್ ಮಾಡ್ಲಿ?"

"ಸೆರಗ್ ಮುಚ್ಕೊ."

ಸುಮಕ್ಕ ನಕ್ಕು ನಕ್ಕು ಹಿತ್ತಲಿಗೆ ಓಡಿದಳು. ಅಪ್ಪನ ಮುಖ ಕೆಂಪಾಗಿತ್ತು, ಆದರೆ ಇಲ್ಲ ಎನ್ನಲಿಲ್ಲ. ಮಾರನೆಯ ಸಂಜೆ ಕೊಟ್ಟಿಗೆಯ ಬಾಗಿಲು ಹಾಕಿ, ಅಮ್ಮ ದಿನವೂ ಹಾಲು ಕರೆಯಲು ಉಡುತ್ತಿದ್ದ ಹಳೆಯ ಹಸಿರು ಸೀರೆಯನ್ನು ಪಂಚೆಯ ಮೇಲೆಯೇ ಸುತ್ತಿಕೊಂಡರು. ಅಮ್ಮ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದರು. ಗೌರಿ ಮೂಸಿದಳು, ಯೋಚಿಸಿದಳು, ಇಳಿಸಿದಳು. ಒಂದು ವಾರ ಹೀಗೆ ಅಭ್ಯಾಸ ನಡೆಯಿತು. ಅಪ್ಪ ನೆರಿಗೆ ಹಿಡಿಯುವುದನ್ನೂ ಕಲಿತರು. ಅದು ಬೇಡವಾಗಿತ್ತು, ಆದರೆ ಅಪ್ಪ ಯಾವ ಕೆಲಸವನ್ನೂ ಅರ್ಧ ಮಾಡುವವರಲ್ಲ.

ಸಂಕ್ರಾಂತಿ ಕಳೆದ ಮೂರನೆಯ ಭಾನುವಾರ ನಾವು ನಾಲ್ವರೂ ಹೆಂಗಸರು ಹೊರಟೆವು. ಸಂಜೆಯ ಹಾಲಿನ ಗಡುವಿಲ್ಲದ್ದರಿಂದ ಮನೆ ಬಿಡುವಾಗಲೇ ಒಂಬತ್ತು ದಾಟಿತ್ತು. ಅಪ್ಪ ಮನೆಯಲ್ಲಿದ್ದ ಒಂದೇ ಮೊಬೈಲನ್ನು ಅಮ್ಮನ ಕೈಗೆ ಕೊಟ್ಟರು. ಏನಾದರೂ ಆದರೆ ಪಕ್ಕದ ಮನೆಯ ರತ್ನತ್ತೆಯ ಫೋನಿಂದ ಮಾಡುತ್ತೇನೆ ಎಂದರು. ಹೊಳೆನರಸೀಪುರದಲ್ಲಿ ಹಳ್ಳಿಮೈಸೂರಿನ ಬಸ್ಸು ನಮ್ಮ ಕಣ್ಣೆದುರೇ ಹೋಯಿತು. ಮುಂದಿನದಕ್ಕೆ ಎರಡು ಗಂಟೆ. ಬಸ್ ಸ್ಟ್ಯಾಂಡಿನಲ್ಲಿ ಚುರುಮುರಿ ತಿಂದೆವು; ಬುತ್ತಿ ಬಿಚ್ಚಲು ಅಜ್ಜಿ ಒಪ್ಪಲಿಲ್ಲ, ಇನ್ನೂ ಯಾರೂ ಏನೂ ನೋಡಿಲ್ಲವಲ್ಲ. ಬೆಟ್ಟದ ಬುಡ ಸೇರಿದಾಗ ಮಧ್ಯಾಹ್ನ ಮೂರು ದಾಟಿತ್ತು. ಅಜ್ಜಿಯನ್ನು ಅಲ್ಲಿನ ಹಳೆಯ ಮಂಟಪದಲ್ಲಿ ಕೂರಿಸಿ ಹತ್ತಲು ಶುರು ಮಾಡಿದೆವು.

ಮೊದಲು ಲಂಟಾನದ ಪೊದೆಗಳ ನಡುವೆ ಕುರಿ ಓಡಾಡಿದ ದಾರಿ, ಆಮೇಲೆ ಬರೀ ಬಂಡೆ. ಬಂಡೆಯಲ್ಲಿ ಕಾಲಿಡುವಷ್ಟು ಮಾತ್ರ ಕಡಿದ ಮೆಟ್ಟಿಲುಗಳು, ನಡುನಡುವೆ ಸವೆದು ಬರೀ ಗುರುತಾಗಿ ಉಳಿದವು. ಅಮ್ಮ ಒಂದು ಕೈ ನನ್ನ ಹೆಗಲ ಮೇಲಿಟ್ಟು, ಮಂಡಿ ನೋಯುವ ಕಾಲನ್ನು ಎರಡನೆಯದಾಗಿ ಎಳೆದುಕೊಂಡು ಹತ್ತಿದರು. ಅರ್ಧ ದಾರಿಯಲ್ಲಿ, ಪೂರ್ವದ ಮಗ್ಗುಲಲ್ಲಿ, ದಮ್ಮು ಆರಿಸಿಕೊಳ್ಳಲು ಕೂತೆವು. ಸುಮಕ್ಕ ಮುಂದೆ ಹೋಗಿದ್ದಳು. ನಾನು ಅಭ್ಯಾಸದಂತೆ ನೆಲ ನೋಡಿದೆ. ಬಂಡೆಯಲ್ಲಿ ಎರಡು ಪಾದ ಕೊರೆದಿತ್ತು, ಜೋಡಿಯಾಗಿ, ಬೆಟ್ಟದ ತುದಿಯ ಕಡೆ ಮುಖ ಮಾಡಿ. ಇಂಥ ಪಾದಗಳನ್ನು ಬೇರೆ ಕಡೆಯೂ ಕಂಡಿದ್ದೆ. ಇವು ಸಣ್ಣವು. ಮಣ್ಣು ಒರೆಸಿದಾಗ ಎರಡನೆಯ ಬೆರಳಿನ ಸುತ್ತ ಒಂದು ಗೆರೆ ಎದ್ದು ಕಂಡಿತು.

"ಅಮ್ಮ, ಕಾಲುಂಗ್ರ!"

ಅಮ್ಮ ಬಗ್ಗಿ ನೋಡಿದರು. ಚಪ್ಪಲಿ ಬಿಟ್ಟು ತಮ್ಮ ಬಲಗಾಲನ್ನು ಅದರೊಳಗೆ ಇಟ್ಟರು. ಸರಿಯಾಗಿ ಕೂತಿತು. ಹಾಗೇ ಊರಿರುವ ದಿಕ್ಕಿಗೆ ತಿರುಗಿ ಹೇಳಿದರು:

"ಯಾರೋ ಅತ್ತವ್ಳೆ ಕಣೆ ಪುಟ್ಟಿ. ನಮ್ಮಪ್ಪುಂಗ್ ಗೊತ್ತಿರ್ನಿಲ್ಲ."

ಕೋಟೆಯ ಬಾಗಿಲಿನ ಹತ್ತಿರ ಬಂದಾಗ ಐದು ದಾಟಿತ್ತು. ಬಾಗಿಲಿನ ಎರಡು ಕಂಬ ಮಾತ್ರ ಉಳಿದಿವೆ. ಅದರಾಚೆ ಒಂದು ಕಡಿದಾದ ಏರು, ಅದು ಮುಗಿದರೆ ತುದಿ. ಅಲ್ಲಿ ಫೋನು ಬಡಿದುಕೊಂಡಿತು. ರತ್ನತ್ತೆಯ ನಂಬರು, ಅಪ್ಪನ ದನಿ. ಹಿಂದೆ ರತ್ನತ್ತೆ ನಗುವುದೂ ಕೇಳುತ್ತಿತ್ತು.

"ಜಯಾ, ಇವ್ಳು ಇಳಿಸ್ತಾ ಇಲ್ಲ ಕಣೆ. ಅರ್ಧ ಗಂಟೆ ಆಯ್ತು. ಕರ ಕೂಗಾಡ್ತದೆ, ಡೈರಿಗ್ ಒತ್ತಾಯ್ತು."

"ಸೀರೆ ಉಟ್ಟಿದ್ದೀರಾ?"

"ಉಟ್ಟಿವ್ನಿ."

"ಯಾವ್ದು?"

"ಅದೇ ಹಸ್ರುದು. ಸಗಣಿ ವಾಸ್ನೆ ಒಡೀತಿತ್ತು, ಅದ್ಕೆ ಬೆಳಿಗ್ಗೆ ನೀವ್ ಓದ್ಮ್ಯಾಲೆ ನಾನೇ ಸೋಪಾಕಿ ಚೆನ್ನಾಗ್ ವಗ್ದು ಒಣಾಕಿದ್ದೆ."

ಅಮ್ಮ ಹಣೆ ಚಚ್ಚಿಕೊಂಡರು. "ವಗುದ್ಬುಟ್ರಾ!"

ಒಂದು ವಾರದ ಅಭ್ಯಾಸವೆಲ್ಲ ಸೋಪಿನಲ್ಲಿ ಹೋಗಿತ್ತು. ಅಮ್ಮ ಕಂಬ ಹಿಡಿದು ನಿಂತರು. ಮೇಲೆ ನೋಡಿದರು, ಕೆಳಗೆ ನೋಡಿದರು. ಇಳಿದು ಓಡಿದರೂ ದುದ್ದ ಸೇರಲು ರಾತ್ರಿಯಾಗುತ್ತದೆ ಎಂದು ನನ್ನಂಥ ಹುಡುಗಿಗೂ ತಿಳಿದಿತ್ತು. ಆದರೂ ಅಮ್ಮನ ಕಾಲು ಕೆಳಗಿನ ಮೆಟ್ಟಿಲ ಕಡೆ ತಿರುಗಿತು. ಅಲ್ಲಿ ಹಸುವೊಂದು ಕೆಚ್ಚಲು ಬಿಗಿದು ನಿಂತಿರುವಾಗ ಇಲ್ಲಿ ತಾವು ಮೇಲೆ ಹೋಗುವುದು ಅಮ್ಮನಿಗೆ ಆಗದ ಮಾತು. "ಓಗಾನ ನಡೀರವ್ವ, ಇಷ್ಟೇ ನಮ್ಗೆ ಬರ್ದಿರದು" ಎಂದರು. ಆಗ ಸುಮಕ್ಕ, ಬಾಯಿ ಚುರುಕಿನ ಸುಮಕ್ಕ, ಫೋನು ಕಿತ್ತುಕೊಂಡಳು.

"ಅಪ್ಪ, ರತ್ನತ್ತೆಗೆ ಯೋಳಿ ಸ್ಪೀಕರ್ ಆಕ್ಸಿ. ಫೋನ್ನ ಗೌರಿ ಕಿವೀ ತಾವ ಇಡಿ. ಅಮ್ಮ, ನೀನ್ ಮಾತಾಡು."

"ಫೋನಲ್ಲಾ? ಹಸಿನ್ ಜೊತೇಲಾ?"

"ಮಾತಾಡಮ್ಮ!"

ಅಮ್ಮ ಸುತ್ತ ಯಾರಾದರೂ ಇದ್ದಾರೇನೋ ಎಂದು ನೋಡಿದರು. ಹದ್ದೊಂದು ಬಿಟ್ಟರೆ ಯಾರೂ ಇರಲಿಲ್ಲ. ಪಾಳೇಗಾರರ ಕೋಟೆ ಬಾಗಿಲಲ್ಲಿ ನಿಂತು, ದಿನವೂ ಕೊಟ್ಟಿಗೆಯಲ್ಲಿ ಗೊಣಗುವ ಮಾತುಗಳನ್ನೇ ಶುರು ಮಾಡಿದರು.

"ಏನವ್ವ ಗೌರವ್ವ... ಬಂದ್ನಲ್ಲ ನಾನು. ಬುಡು ತಾಯಿ, ಬುಡು. ಕರೂಗೊಂದ್ ತೊಟ್ಟು, ನನಗೊಂದ್ ತೊಟ್ಟು. ಕ್ವಾಪ ಯಾಕವ್ವ, ಇಲ್ಲೇ ಇವ್ನಲ್ಲ..."

ಆ ಕಡೆ ಸದ್ದಿಲ್ಲ. ಅಮ್ಮ ನಿಲ್ಲಿಸಲಿಲ್ಲ. ಮಾತಾಡುತ್ತ ಮಾತಾಡುತ್ತ ಕಣ್ಣು ಮುಚ್ಚಿದರು, ಎಡಗೈ ಗಾಳಿಯಲ್ಲಿ ಗೌರಿಯ ಬೆನ್ನು ಸವರುತ್ತಿತ್ತು. ಆಮೇಲೆ ಫೋನಿನೊಳಗಿಂದ ಸಣ್ಣಗೆ ಚರ್ ಎಂಬ ಸದ್ದು ಬಂತು, ಮತ್ತೊಂದು, ಮತ್ತೊಂದು. ಸ್ಟೀಲು ಪಾತ್ರೆಯ ತಳಕ್ಕೆ ಹಾಲು ಬೀಳುವ ಸದ್ದು. ಬೆಳಿಗ್ಗೆ ನಮ್ಮನ್ನು ಎಬ್ಬಿಸುವ ಅದೇ ಸದ್ದು ಆ ಬೆಟ್ಟದ ಮೇಲೆ ಕೇಳಿಸಿತು.

"ಇಳಿಸ್ದ್ಲು ಕಣೆ! ಇಳಿಸ್ದ್ಲು!" ಎಂದು ಅಪ್ಪ ಕೂಗಿದರು. "ನೀನ್ ಬಾಯ್ ನಿಲ್ಲಿಸ್ಬ್ಯಾಡ!"

ಪಾತ್ರೆ ತುಂಬಿ ಸದ್ದು ಮೆತ್ತಗಾಗುವ ತನಕ ಅಮ್ಮ ನಿಲ್ಲಿಸಲಿಲ್ಲ. ಆಮೇಲೆ ಫೋನು ಸೆರಗಿಗೆ ಕಟ್ಟಿ, ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಹೆಗಲಿನ ಮೇಲಿದ್ದ ಕೈ ತೆಗೆದರು. ಕೊನೆಯ ಏರನ್ನು ಒಬ್ಬರೇ ಹತ್ತಿದರು. ನಾವು ಹಿಂದೆ. ತುದಿಯಲ್ಲಿ ಗಾಳಿಗೆ ಸೆರಗು ಹಾರುತ್ತಿತ್ತು. ಅಮ್ಮ ಬಹಳ ಹೊತ್ತು ನಿಂತರು. ಗಂಟೆ ಎಷ್ಟು ಎಂದು ಒಂದು ಸಲವೂ ಕೇಳಲಿಲ್ಲ.

ಇಳಿದು ಮಂಟಪಕ್ಕೆ ಬಂದಾಗ ಮಬ್ಬು ಕವಿಯುತ್ತಿತ್ತು. ಅಜ್ಜಿ ಚೀಲ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಸುಮಕ್ಕ ಒಂದೇ ಉಸಿರಿಗೆ ಫೋನಿನ ಕಥೆ ಹೇಳಿ ರೊಟ್ಟಿ ಗೆದ್ದಳು. ನಾನು ಕಾಲುಂಗುರದ ಪಾದ ಹೇಳಿದೆ. ಅಜ್ಜಿ ಎರಡು ಸಲ ಕೇಳಿಸಿಕೊಂಡು ನನಗೂ ಕೊಟ್ಟರು. ಅಮ್ಮನ ಪಾಲನ್ನು ಎಂದಿನಂತೆ ಸುಮ್ಮನೆ ಎತ್ತಿದಾಗ ಅಮ್ಮ ಕೈ ಚಾಚಲಿಲ್ಲ.

"ತಡೀರಿ ಅತ್ತೆ. ನಾನೂ ಯೋಳ್ತೀನಿ."

ಅಜ್ಜಿ ರೊಟ್ಟಿ ಹಿಡಿದ ಕೈ ಇಳಿಸಿದರು.

"ನಮ್ಮೂರ ಬಾವಿ ಕಂಡ್ತು. ಹುಣ್ಸೆಮರನೂ ಅದೆ. ನಾನು ಕ್ವಡ ಇಳ್ಸಿ ನಿಂತ್ಕೊಂಡು ಬೆಟ್ಟ ನೋಡ್ತಿದ್ನಲ್ಲ, ಆ ಜಾಗ. ಅಲ್ಲಿಂದ ಬೆಟ್ಟ ಇಷ್ಟ್ ದೊಡ್ಡದಾಗ್ ಕಾಣ್ತಿತ್ತು. ಮೇಲಿಂದ ನೋಡುದ್ರೆ ನಾನ್ ನಿಂತಿದ್ ಜಾಗ ಬೊಟ್ಟಿನಷ್ಟ್ ಅದೆ."

ಅಜ್ಜಿ ಚೀಲದೊಳಗೆ ಕೈ ಹಾಕಿ, ಯಾರಿಗೂ ಕಾಣದಂತೆ ತಳದಲ್ಲಿ ಇಟ್ಟಿದ್ದ ಬೆಲ್ಲದ ಉಂಡೆ ತೆಗೆದು, ರೊಟ್ಟಿಯ ಮೇಲಿಟ್ಟು ಕೊಟ್ಟರು.

"ಇದು ಒಸದು ಕಣವ್ವ" ಎಂದರು.

ಕೊನೆಯ ಬಸ್ಸು ಹೊಳೆನರಸೀಪುರದ ತನಕ ಮಾತ್ರ ಸಿಕ್ಕಿತು. ಮಾವನ ಮನೆಯಲ್ಲಿ ಉಳಿದೆವು. ಬೆಳಗಿನ ಹಾಲಿಗೆ ಅಮ್ಮ ಐದು ಗಂಟೆಗೇ ಎದ್ದು ಫೋನು ಕೈಯಲ್ಲಿ ಹಿಡಿದು ಕೂತಿದ್ದರು. ಅದು ಬಡಿದುಕೊಳ್ಳಲೇ ಇಲ್ಲ. ಹಿಂದಿನ ಸಂಜೆ ಕೇಳಿದ ಮಾತುಗಳನ್ನು ಅಪ್ಪ ತಾವೇ ತಮ್ಮ ಗೊಗ್ಗರು ದನಿಯಲ್ಲಿ ಹೇಳಿ, ಅದೇ ಸೀರೆ ಉಟ್ಟು ಕರೆದಿದ್ದರು. ಆ ಹೊತ್ತಿಗೆ ಸೀರೆಗೂ ಒಂದಿಷ್ಟು ಸಗಣಿ ತಾಗಿತ್ತಲ್ಲ. ರತ್ನತ್ತೆಯ ದಯೆಯಿಂದ ಸುದ್ದಿ ಡೈರಿಗೆ ಹಾಲಿಗಿಂತ ಮೊದಲೇ ತಲುಪಿತ್ತು. ಕ್ಯಾನು ಇಳಿಸುವಾಗ ಒಬ್ಬರು ಕೇಳಿದರಂತೆ:

"ಏನಣ್ಣ, ಸೀರೆ ಉಟ್ಟಿದ್ದಂತೆ?"

"ಊಂ ಕಣ್ಲಾ, ಉಟ್ಟಿದ್ದೆ. ನಿನ್ ಹೆಂಡ್ರು ಯಾವ್ ಬೆಟ್ಟ ಅತ್ತವ್ಳೆ ಯೋಳು?"

ಇದನ್ನು ಅಪ್ಪ ನಮಗೆ ಹೇಳಲಿಲ್ಲ. ಡೈರಿಯಲ್ಲಿ ಇದ್ದವರು ಹೇಳಿದರು. ಅಂದಿನಿಂದ ಇಂದಿನವರೆಗೆ ನಮ್ಮಪ್ಪ ಯಾರು ಎಂದು ಯಾರಾದರೂ ಕೇಳಿದರೆ ನಾನು ಹೊಲ, ತೆಂಗು, ಹಸು ಯಾವುದನ್ನೂ ಹೇಳುವುದಿಲ್ಲ. ಈ ಮಾತನ್ನು ಹೇಳುತ್ತೇನೆ.

ಆಮೇಲೆ ನಮ್ಮ ಅಳತೆ ಒಡೆಯಿತು. ಅರಕಲಗೂಡು ದಾಟಿ ರಾಮನಾಥಪುರದ ಹೊಳೆ ದಡಕ್ಕೆ ಹೋದೆವು. ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ, ನುಗ್ಗೇಹಳ್ಳಿಗೆ. ಅಮ್ಮನ ಮಂಡಿ ನಡೆದಷ್ಟು ದಿನ ನಡೆದೆವು, ಮತ್ತು ಪಟ್ಟಿಯಲ್ಲಿ ಅಮ್ಮನ ಹೆಸರಿನ ಮುಂದೆ ಮತ್ತೆಂದೂ ಜಾಗ ಖಾಲಿ ಬಿಡಲಿಲ್ಲ. ಗೌರಿ ಈಗಿಲ್ಲ, ಅಜ್ಜಿಯೂ ಇಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ಬಂದಿದೆ. ಅದಕ್ಕೆ ಯಾವ ಸೀರೆಯಾದರೂ ನಡೆಯುತ್ತದೆ. ಈಗ ಬುಡದಲ್ಲಿ ಚೀಲ ಹಿಡಿದು ಕೂರುವವರು ಅಮ್ಮ. ಕಳೆದ ತಿಂಗಳು ಸುಮಕ್ಕನ ಮಗಳು ಗುಡ್ಡ ಇಳಿದು ಬಂದು ನವಿಲು ಕಂಡೆ ಎಂದಳು. ಅದನ್ನು ನಾನು ಆಗಲೇ ಹೇಳಿಯಾಗಿತ್ತು. ಅಮ್ಮ ಚೀಲವನ್ನು ಹಿಂದಕ್ಕೆ ಎಳೆದುಕೊಂಡು "ಎಂಜ್ಲು ಬ್ಯಾಡ" ಎಂದದ್ದು ಕೇಳಿ ನಾನೂ ಸುಮಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಒಂದು ಸಂಗತಿ ಮಾತ್ರ ಇನ್ನೂ ತಿಳಿಯದೆ ಉಳಿದಿದೆ. ಬೋರೆಕಲ್ಲು ಬೆಟ್ಟದ ಪೂರ್ವ ಮಗ್ಗುಲಲ್ಲಿ, ಅರ್ಧ ದಾರಿಯಲ್ಲಿ, ಕಾಲುಂಗುರದ ಆ ಜೋಡಿ ಪಾದ ಯಾರದು? ಕೇಳಿದ ಕಡೆಯೆಲ್ಲ ದೇವರ ಪಾದ ಎನ್ನುತ್ತಾರೆ, ಯಾವ ದೇವರು ಎಂದು ಯಾರಿಗೂ ಗೊತ್ತಿಲ್ಲ. ಹಳ್ಳಿಮೈಸೂರಿನ ಕಡೆಯವರು, ಹಿರಿಯರಿಂದ ಏನಾದರೂ ಕೇಳಿದ್ದರೆ ದಯವಿಟ್ಟು ಬರೆದು ತಿಳಿಸಿ. ಆ ಊರುಗಳ ಹೆಣ್ಣುಮಕ್ಕಳಲ್ಲಿ ಅಮ್ಮನಿಗಿಂತ ಮೊದಲು ಹತ್ತಿದವರು ಇದ್ದರೆ ಅವರ ಹೆಸರೂ ನನಗೆ ಬೇಕು. ಹೆಸರಿನ ಜೊತೆಗೆ, ಅವರು ಮೇಲೆ ನಿಂತು ಏನು ಕಂಡರು ಎಂಬುದನ್ನೂ ಬರೆಯಿರಿ. ಬಾವಿ ಮತ್ತು ಹುಣಸೆಮರವನ್ನು ಅಮ್ಮ ಹೇಳಿಯಾಗಿದೆ.